ಗೆರೆಯ ಹಿಂದಿನ ಕೂಗು

ಕರ್ತನಲ್ಲಿ ಪ್ರಿಯರೇ, ಇವತ್ತಿನ ಪ್ರಸಂಗವನ್ನೂ ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರು ಮಾಡುತ್ತೇನೆ ಅಂದುಕೊಂಡಿರಿ, ಅಲ್ಲವೇ? ಹಿಂದಿನ ಬೆಂಚಿನವರು ಆಗಲೇ ಗೋಡೆಗೆ ಒರಗಿದ್ದು ನನಗೆ ಕಾಣುತ್ತಿದೆ. ಇವತ್ತು ಶ್ರೀಮಂತನಿಗೆ ರಜೆ. ಒಂದೂರಲ್ಲಿ ಒಬ್ಬ ರಗ್ಬಿ ಕೋಚ್ ಇದ್ದ.

ರಗ್ಬಿ ಅಂದರೇನು ಎಂದು ಕೇಳಬೇಡಿ, ನನಗೂ ತಲೆಬುಡ ತಿಳಿಯದ ಆಟ ಅದು. ಚೆಂಡು ಗುಂಡಗಿಲ್ಲ, ಮೊಟ್ಟೆಯ ಹಾಗಿದೆ. ಅದನ್ನು ಎದೆಗವಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡಬೇಕು. ಅವರು ಹಿಡಿದು ಕೆಡವುತ್ತಾರೆ. ನೋಡಿ, ಓಡುವುದು ಮುಂದಕ್ಕೆ. ಆದರೆ ಚೆಂಡನ್ನು ಜೊತೆಯವರಿಗೆ ಕೊಡುವುದಾದರೆ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೆ, ಇಲ್ಲವೇ ಹಿಂದಕ್ಕೆ. ಇದೆಂಥ ನಿಯಮ? ವಾರವಿಡೀ ಯೋಚಿಸಿ ತಲೆ ಕೆಟ್ಟುಹೋಯಿತು. ಇರಲಿ.

ಈ ಕೋಚ್ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಒಂದು ತಂಡ ಕಟ್ಟಿದ. ಬಂದವರೆಲ್ಲ ಹಳ್ಳಿಗಳಲ್ಲಿ ಕಬಡ್ಡಿ ಆಡಿ ಗಟ್ಟಿಯಾದವರು. ಹಿಡಿದರೆ ಬಿಡುವವರಲ್ಲ. ಕೋಚ್‌ಗೆ ಹಿಗ್ಗೋ ಹಿಗ್ಗು. ಅವರಲ್ಲಿ ಒಬ್ಬಳ ಓಟ ಬಲು ಬಿರುಸು. ಚೆಂಡು ಸದಾ ಅವಳ ಕೈಗೇ. ನುಗ್ಗುತ್ತಾಳೆ, ಇಬ್ಬರನ್ನು ದಾಟುತ್ತಾಳೆ, ಮೂವರು ಸೇರಿ ಕೆಡವುತ್ತಾರೆ. ಬಿದ್ದವಳು ಚೆಂಡು ಬಿಡಲೇಬೇಕು, ಅದೂ ನಿಯಮ. ಬಿಡುತ್ತಾಳೆ. ಎತ್ತಿಕೊಳ್ಳಲು ತನ್ನವರು ಒಬ್ಬರೂ ಇಲ್ಲ! ಎಲ್ಲಿದ್ದಾರೆ? ದೂರದಲ್ಲಿ, ನಡುಗೆರೆಯ ಹಿಂದೆ ಸಾಲಾಗಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದಾರೆ.

ಕೋಚ್ ಕಕ್ಕಾಬಿಕ್ಕಿ. ಹೆದರಿಕೆಯೇ? ಅಲ್ಲ. ಹೊಟ್ಟೆಕಿಚ್ಚೇ? ಅದೂ ಅಲ್ಲ, ಅವಳು ಬಿದ್ದರೆ ಇವರ ಕಣ್ಣಲ್ಲಿ ನೀರು. ಒಗ್ಗಟ್ಟಿನ ಮೇಲೆ ಉದ್ದದ ಭಾಷಣ ಮಾಡಿದ. ಮರುದಿನ ಇನ್ನೂ ಜೋರಾಗಿ ಕೂಗಿದರು! "ಮುಂದ ಹೋಗ್ರಿ!" ಎಂದು ಬೈದ. ಎಲ್ಲರೂ ಅವಳನ್ನೂ ದಾಟಿ ಮುಂದೆ ಓಡಿ, "ಇಲ್ಲಿ ಕೊಡ, ಇಲ್ಲಿ ಕೊಡ" ಎಂದು ಕೈಬೀಸಿದರು. ಮುಂದಕ್ಕೆ ಎಸೆಯುವಂತಿಲ್ಲವಲ್ಲ! ಪಾಪ, ಅವಳು ಹಿಂದೆ ನೋಡಿದರೆ ಯಾರೂ ಇಲ್ಲ, ಮುಂದೆ ನೋಡಿದರೆ ಎಲ್ಲರೂ ಇದ್ದಾರೆ, ಕೊಡುವ ಹಾಗಿಲ್ಲ. ಅದೂ ತಪ್ಪು ಎಂದದ್ದಕ್ಕೆ ಮತ್ತೆ ಗೆರೆಯ ಹಿಂದಕ್ಕೇ ಹೋಗಿ ನಿಂತರು.

ಒಂದು ಸಂಜೆ ಆ ಹುಡುಗಿ ಬೂಟು ಬಿಚ್ಚಿ ಕೋಚ್ ಮುಂದೆ ಇಟ್ಟಳು. "ನಾ ನಾಳಿಂದ ಬರಂಗಿಲ್ರಿ ಸರ್."

"ಪೆಟ್ಟಾತೇನವ್ವಾ?"

"ಬೀಳೂದಕ್ಕ ಅಂಜಂಗಿಲ್ರಿ. ಬಿದ್ದು ತಿರುಗಿ ನೋಡಿದ್ರ ಯಾರೂ ಇರಂಗಿಲ್ರಿ."

ಉಳಿದವರು ತಬ್ಬಿಬ್ಬು. "ಅಯ್ಯ, ಎಷ್ಟ್ ಒದರಿದ್ವಲ್ಲ! ನಿನಗ ಕೇಳಲಿಲ್ಲೇನು?"

"ಒದರೂದು ಇರ್ಲಿ. ಆಕಿ ಬೆನ್ನಿಗೆ ಯಾಕ ಹೋಗಲಿಲ್ಲ?" ಎಂದ ಕೋಚ್.

"ಒಬ್ಬಾಕಿ ಹೋದಾಗ ಉಳದವರು ಗೆರಿ ದಾಟಬಾರದಲ್ರಿ ಸರ್? ದಾಟಿದ್ರ ಔಟ್!"

ಆಗ ಅವನಿಗೆ ಹೊಳೆಯಿತು. ಕಬಡ್ಡಿಯಲ್ಲಿ ಒಬ್ಬಳೇ ಹೋಗುತ್ತಾಳೆ, ಮಿಕ್ಕವರು ಗೆರೆಯ ಈಚೆ ನಿಂತು ಹುರಿದುಂಬಿಸುತ್ತಾರೆ. ಚಿಕ್ಕಂದಿನಿಂದ ಕಲಿತದ್ದು ಅದನ್ನೇ. ಪ್ರೀತಿಯೇನೋ ಬೆಟ್ಟದಷ್ಟಿತ್ತು, ಆದರೆ ಗೆರೆಯ ಹತ್ತಿರ ಬಂದರೆ ಕಾಲು ತಾನಾಗಿ ನಿಲ್ಲುತ್ತಿತ್ತು.

ಕೋಚ್ ಏನು ಮಾಡಿದ? ಅವರು ಕೂಗುವುದನ್ನೇ ನಿಲ್ಲಿಸಿದ. "ನಾಳಿಂದ ಯಾರೂ ಒದರೂ ಹಂಗಿಲ್ಲ. ಮೆಲ್ಲಕ 'ನಾ ಅದೀನಿ' ಅನ್ರಿ. ಅದು ಆಕಿಗೆ ಕೇಳಬೇಕು ನೋಡ್ರಿ." ಮೆಲುದನಿ ಕೇಳಬೇಕಾದರೆ? ಹತ್ತಿರ ಹೋಗಲೇಬೇಕು! ಬೆನ್ನ ಹಿಂದೆ, ಕೈಗೆ ಸಿಗುವಷ್ಟು ಹತ್ತಿರ. ಇನ್ನೊಂದೇ ದಿನ ಬಾ ಎಂದು ಬೇಡಿಕೊಂಡದ್ದಕ್ಕೆ ಹುಡುಗಿ ಬಂದಳು. ಓಡಿದಳು, ಬಿದ್ದಳು. ಮಣ್ಣಿನಲ್ಲಿ ಮುಖವಿಟ್ಟುಕೊಂಡೇ ಕೇಳಿಸಿಕೊಂಡಳು: "ನಾ ಅದೀನಿ." ಚೆಂಡು ಆ ಕೈ ಸೇರಿತು. ಆಮೇಲೆ ಅವಳು ಬೂಟು ತಂದಿಡಲಿಲ್ಲ. ಕಪ್ ಗೆದ್ದರೇ? ಗೊತ್ತಿಲ್ಲ, ನಾನು ಕೇಳಲಿಲ್ಲ.

ಈಗ ನಿಮ್ಮ ಕಡೆಗೆ ಬರುತ್ತೇನೆ. ಎಡಗಡೆ ಆ ಬೆಂಚಿನ ತುದಿ ಖಾಲಿಯಿದೆ. ಯಾರ ಜಾಗ ಅದು? ಕರುಣಮ್ಮನವರದು. ಗಂಡ ಲಕ್ವ ಹೊಡೆದು ಮಲಗಿದಾಗಿನಿಂದ ಅವರು ಆರಾಧನೆಗೆ ಬಂದಿಲ್ಲ. ಗಂಡನನ್ನು ಮಗ್ಗುಲು ತಿರುಗಿಸುವುದು, ಉಣಿಸುವುದು, ಒರೆಸುವುದು ಎಲ್ಲ ಆಕೆ ಒಬ್ಬರೇ. ನಾವೇನು ಮಾಡುತ್ತಿದ್ದೇವೆ? ದಾರಿಯಲ್ಲಿ ಸಿಕ್ಕರೆ, "ನಿಮಗಾಗಿ ಪ್ರಾರ್ಥನಾ ಮಾಡಾಕತ್ತೀವ್ರೀ, ಏನರ ಬೇಕಾದ್ರ ಹೇಳ್ರಿ" ಅನ್ನುತ್ತೇವೆ. ಇನ್ನು ಕೆಲವರು ಮುಂದೆ ಹೋಗಿ ನಿಂತು, ಆ ಡಾಕ್ಟರಿಗೆ ತೋರಿಸಿ, ಈ ಎಣ್ಣೆ ಹಚ್ಚಿ ಎಂದು ಕೈಬೀಸುತ್ತೇವೆ. ಪ್ರಾರ್ಥನೆ ತಪ್ಪೇ? ಎಂದೂ ಅಲ್ಲ. ಆದರೆ ಪ್ರಾರ್ಥನೆ ಮಾಡಿದ ಮೇಲೂ ಮೊಣಕಾಲು ನೆಲ ಬಿಟ್ಟು ಏಳದಿದ್ದರೆ ನನಗೆ ಸಿಟ್ಟು ಬರುತ್ತದೆ, ಹೇಳಿಬಿಡುತ್ತೇನೆ!

ಇನ್ನು ಮೇಲೆ 'ಬೇಕಾದರೆ ಹೇಳಿ' ಅನ್ನಬೇಡಿ. ಕೇಳದೆ ಹೋಗಿ, ಕೈಯ ಕೆಲಸ ತೆಗೆದುಕೊಳ್ಳಿ. ನಿಮ್ಮ ನಿಮ್ಮ ಮನೆಯಲ್ಲೂ ಅಷ್ಟೇ. ಚೆಂಡು ಯಾರ ಕೈಯಲ್ಲಿದೆ ಎಂದು ನೋಡಿ, ಅವರ ಬೆನ್ನಿಗೆ ಹೋಗಿ ನಿಲ್ಲಿ.

ಕರುಣಮ್ಮನವರ ಮನೆ ಇದೇ ಗೋಡೆಯ ಆಚೆ ಓಣಿಯಲ್ಲಿದೆ. ಇಬ್ಬರು ಈಗಲೇ ಎದ್ದು ಹೋಗಿ ಗಂಡನ ಮಂಚದ ಹತ್ತಿರ ಕೂತು, ಆಕೆಯನ್ನು ಇಲ್ಲಿಗೆ ಕಳಿಸಿ. ಕೊನೆಯ ಕೀರ್ತನೆ ಬಾಕಿಯಿದೆ. ಅವರು ಬಂದು ಆ ಬೆಂಚಿನಲ್ಲಿ ಕೂರುವವರೆಗೆ ನಾವು ಹಾಡುವುದಿಲ್ಲ. ಹೇಳಿ, ಯಾರು ಏಳುತ್ತೀರಿ?