ಪರದೆಯ ಮೇಲಿನ ಕೆಂಪು ಚುಕ್ಕೆ

ಅಧ್ಯಕ್ಷ ಸ್ಥಾನದಲ್ಲಿರುವ ಹಿರಿಯ ವೈದ್ಯರೇ, ವೇದಿಕೆಯ ಅತಿಥಿಗಳೇ, ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಬಂದು ಕೂತಿರುವ ಸಿಸ್ಟರುಗಳೇ, ಊಟದ ಪರಿಮಳ ಬಂದ ಕಡೆಗೇ ಕತ್ತು ಹೊರಳಿಸಿರುವ ಸಭಿಕರೇ,

ಆಸ್ಪತ್ರೆಯ ವಾರ್ಷಿಕೋತ್ಸವದ ಈ ದಿನ ನಮ್ಮ ಯುನೂಸ ಅವರಿಗೆ ಸನ್ಮಾನ. ಅವರ ಬಗ್ಗೆ ಎರಡು ಮಾತು ಆಡುವ ಕೆಲಸ ನನ್ನದು. ಮೃಣಾಲಿನಿ ಎಂದರೆ ಅನೇಕರಿಗೆ ಗುರುತು ಹತ್ತಲಿಕ್ಕಿಲ್ಲ. ನೀವು ‘ನೆಟ್ ಬಂದಿಲ್ರಿ ಮೇಡಂ’ ಎಂದು ಫೋನಿನಲ್ಲಿ ಸಿಟ್ಟು ತೀರಿಸಿಕೊಳ್ಳುತ್ತೀರಲ್ಲ, ಆ ಮೇಡಂ ನಾನೇ.

ಈ ಕಟ್ಟಡದ ಪ್ರತಿ ಮಹಡಿಯ ಮೂಲೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇದೆ. ಅದರೊಳಗೆ ಸ್ವಿಚ್ ಎಂಬ ಯಂತ್ರ. ಲ್ಯಾಬಿನಿಂದ ರಕ್ತದ ವರದಿ ಆಪರೇಷನ್ ಕೋಣೆಯ ಕಂಪ್ಯೂಟರಿಗೆ ಹೋಗುವುದು ಅದರ ಮೂಲಕವೇ. ಯುನೂಸ ಈ ಯಂತ್ರಗಳನ್ನೆಲ್ಲ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಟೈಪ್ ಮಾಡಿ ನಡೆಸುತ್ತಿದ್ದರು. ಎಷ್ಟೋ ವರ್ಷ ಅವರಿಂದ ಒಂದು ತಪ್ಪೂ ಆಗಿರಲಿಲ್ಲ.

ಕಳೆದ ವರ್ಷ ಹೊಸ ಸಾಫ್ಟ್‌ವೇರ್ ಬಂತು. ಗೋಡೆಯಷ್ಟಗಲ ಪರದೆ, ಅದರ ಮೇಲೆ ಇಡೀ ಆಸ್ಪತ್ರೆಯ ನಕ್ಷೆ, ಒಂದೊಂದು ಸ್ವಿಚ್‌ಗೂ ಒಂದೊಂದು ಚುಕ್ಕೆ. ಹಸಿರಿದ್ದರೆ ಯಂತ್ರ ನಡೆಯುತ್ತಿದೆ, ಕೆಂಪಾದರೆ ನಿಂತಿದೆ. ಚುಕ್ಕೆಯ ಮೇಲೆ ಮೌಸ್ ಒತ್ತಿದರೆ ಕೂತಲ್ಲಿಂದಲೇ ಸರಿಪಡಿಸಬಹುದು. ಇದಕ್ಕಿಂತ ಸುಲಭ ಇನ್ನೇನು ಬೇಕು?

ಅದೇ ವಾರ ಒಂದು ಬೆಳಿಗ್ಗೆ ಆಪರೇಷನ್ ಕೋಣೆಯಿಂದ ಫೋನ್ ಬಂತು. ಕುಳಗೇರಿ ಕ್ರಾಸ್ ಹತ್ತಿರ ಟಂಟಂ ರಿಕ್ಷಾ ಉರುಳಿ ಗಾಯಗೊಂಡ ಹೆಣ್ಣುಮಗಳೊಬ್ಬಳು ಟೇಬಲ್ ಮೇಲಿದ್ದಳು. ರಕ್ತದ ವರದಿ ಬಂದಿರಲಿಲ್ಲ. ನಾನು ಓಡಿಹೋದೆ. ಯುನೂಸ ಪರದೆಯ ಮುಂದೆಯೇ ಕೂತಿದ್ದರು.

“ಏನಾಗೇದ್ರಿ?”

“ಎಲ್ಲಾ ಬರೋಬರಿ ಐತ್ರಿ ಮೇಡಂ,” ಅಂದರು.

ಅವರ ಮುಖದೆದುರಿಗೇ ಲ್ಯಾಬಿನ ಚುಕ್ಕೆ ಕುಂಕುಮದ ಹಾಗೆ ಕೆಂಪಾಗಿತ್ತು.

ಸಿಸ್ಟರ್ ಸುಧಾರಾಣಿ ವರದಿಯನ್ನು ಕೈಯಲ್ಲೇ ಹಿಡಿದು ಮಹಡಿ ಹತ್ತಿ ಓಡಿದರು. ಆ ಹೆಣ್ಣುಮಗಳು ಬದುಕಿದಳು. ಆದರೆ ಯುನೂಸ ಅವರನ್ನು ಉಗ್ರಾಣದ ಕೆಲಸಕ್ಕೆ ಹಾಕಬೇಕೆಂದು ಸಂಜೆಯೊಳಗೆ ತೀರ್ಮಾನವಾಯಿತು. ಯಾರು ತಾನೇ ಬೇಡವೆನ್ನುತ್ತಿದ್ದರು?

ನನ್ನನ್ನು ಕಾಡಿದ್ದು ಸಿಟ್ಟಲ್ಲ, ಕುತೂಹಲ. ಅವರು ಪರದೆಯನ್ನೇ ನೋಡುತ್ತಿದ್ದರು. ನೋಡಿಯೂ ಯಾಕೆ ಕಾಣಲಿಲ್ಲ? ಮರುದಿನ ಯಾರೂ ಬಳಸದ ಒಂದು ಸ್ವಿಚ್ಚನ್ನು ಬೇಕೆಂದೇ ನಿಲ್ಲಿಸಿ, ಅವರ ಪಕ್ಕದಲ್ಲಿ ಕೂತೆ. ಯುನೂಸ ಒಂದೊಂದೇ ಚುಕ್ಕೆಯ ಮೇಲೆ ಮೌಸ್ ಇಟ್ಟು, ಅಲ್ಲಿ ಮೂಡುವ ಸಣ್ಣ ಅಕ್ಷರಗಳನ್ನು ಓದುತ್ತ ಹೊರಟರು. ಕೆಂಪು ಕಣ್ಣಿಗೆ ಹೊಡೆಯುತ್ತಿರುವಾಗ ಈ ಮನುಷ್ಯ ಓದುವುದು ಯಾಕೆ?

“ಯುನೂಸ, ಈ ಎರಡು ಚುಕ್ಕಿಯೊಳಗ ಕೆಂಪು ಯಾವುದು ಹೇಳ್ರಿ.”

ಅವರು ಮೌಸ್ ಬಿಟ್ಟು ನನ್ನ ಕಡೆ ತಿರುಗಿದರು.

“ಈ ಪ್ರಶ್ನಿ ಒಂದು ಕೇಳಬ್ಯಾಡ್ರಿ ಮೇಡಂ. ಇದಕ್ಕ ನಮ್ಮಪ್ಪ ನನ್ನ ಮಗ್ಗದ ಮ್ಯಾಲಿಂದ ಎಬ್ಬಿಸಿ ಕಳಿಸಿದ.”

ಇದನ್ನು ಇಲ್ಲಿ ಹೇಳಲು ಅವರ ಒಪ್ಪಿಗೆ ಪಡೆದಿದ್ದೇನೆ. ಯುನೂಸ ಗುಳೇದಗುಡ್ಡದವರು. ಮನೆಯಲ್ಲೇ ಮಗ್ಗ, ಕುಪ್ಪಸದ ಖಣ ನೇಯುವ ತಂದೆ ರಮಜಾನ. ಮಗ ಮಗ್ಗಕ್ಕೆ ಕೂತರೆ ಕೆಂಪು ದಾರ ಬರುವಲ್ಲಿ ಹಸಿರು ಬರುತ್ತಿತ್ತು. ಮೊದಲು ಹುಡುಗಾಟವೆಂದುಕೊಂಡರು. ಆಮೇಲೆ ಆ ತಂದೆಗೆ ತಿಳಿಯಿತು, ಮಗನ ಕಣ್ಣಿಗೆ ಎರಡೂ ಒಂದೇ ಎಂದು. ಬೈಯಲಿಲ್ಲ. “ನೀ ಕಂಪ್ಯೂಟರ್ ಕಲಿ. ಅದರಾಗ ಕರೀದು, ಬಿಳೀದು ಅಷ್ಟ ಇರತೈತಂತ,” ಎಂದು ಬಾಗಲಕೋಟೆಗೆ ಕಳಿಸಿದರು.

“ಖರೇನೂ ಇತ್ರಿ ಇಷ್ಟು ದಿನ,” ಅಂದರು ಯುನೂಸ. “ಈಗ ನೋಡ್ರಿ, ಬಣ್ಣ ನನ್ನ ಹುಡುಕ್ಕೋತ ಇಲ್ಲಿಗೂ ಬಂದ್ವು.”

ಅವತ್ತು ಇಡೀ ಮಧ್ಯಾಹ್ನ ಇಬ್ಬರೂ ಸೇರಿ ಆ ಸಾಫ್ಟ್‌ವೇರನ್ನು ಜಾಲಾಡಿದೆವು. ಒಂದು ಮೂಲೆಯಲ್ಲಿ ಚುಕ್ಕೆಯ ಆಕಾರ ಬದಲಿಸುವ ಅನುಕೂಲವೂ ಇತ್ತು! ನಡೆಯುವ ಯಂತ್ರಕ್ಕೆ ದುಂಡು, ನಿಂತದ್ದಕ್ಕೆ ದಪ್ಪನೆಯ ಗುಣಾಕಾರದ ಗುರುತು. ತಡವರಿಸುವ ಯಂತ್ರಕ್ಕೆ ತ್ರಿಕೋನ ಇರಲಿ ಎಂದು ಯುನೂಸ ಸೇರಿಸಿದರು. ನಾನು ಮತ್ತೆ ಆ ಸ್ವಿಚ್ ನಿಲ್ಲಿಸಿದೆ. “ಅಗಾ, ಅಲ್ಲಿ ನಿಂತೈತಿ!” ಎಂದು ಅವರು ಕುರ್ಚಿಯಿಂದ ಎದ್ದೇ ನಿಂತರು. ಅದೇ ಪರದೆಯನ್ನು ಆಸ್ಪತ್ರೆಯ ಕಾರ್ಯದರ್ಶಿಗಳಿಗೆ ತೋರಿಸಿದೆ. ಉಗ್ರಾಣದ ಆದೇಶ ಅಲ್ಲಿಗೇ ರದ್ದಾಯಿತು.

ಈ ಬೇಸಿಗೆಯಲ್ಲಿ ಏನಾಯಿತೆಂದು ನಿಮಗೆ ಗೊತ್ತಿದೆ. ಐಸಿಯು ಮಹಡಿಯ ಚಿತ್ರದಲ್ಲಿ ದುಂಡುಗಳು ಒಂದೊಂದಾಗಿ ತ್ರಿಕೋನವಾಗತೊಡಗಿದವು. ಪೆಟ್ಟಿಗೆಯಿದ್ದ ಕೋಣೆಯ ಏಸಿ ಕೆಟ್ಟು, ಯಂತ್ರಗಳು ಕಾದುಹೋಗಿದ್ದವು. ಅವು ನಿಲ್ಲುವ ಮೊದಲೇ ಯುನೂಸ ಎಲ್ಲ ಹಾಸಿಗೆಗಳ ಮಾನಿಟರುಗಳನ್ನು ಪಕ್ಕದ ಮಹಡಿಯ ದಾರಿಗೆ ತಿರುಗಿಸಿದರು. ಒಬ್ಬ ರೋಗಿಯ ಎದೆಬಡಿತವೂ ಪರದೆಯಿಂದ ಮರೆಯಾಗಲಿಲ್ಲ. ಈ ಸನ್ಮಾನ ಅದಕ್ಕಾಗಿ.

ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಇಲ್ಲಿಗೆ ಮುಗಿಸಬೇಕು. ಆದರೆ ಮನಸ್ಸು ಬರುತ್ತಿಲ್ಲ.

ನಮ್ಮ ತಂದೆ ಗುರುರಾಜ ಮಾಸ್ತರರು ಈ ಸಭೆಯಲ್ಲೇ ಇದ್ದಾರೆ. ನಮ್ಮವ್ವ ತುಳಸೀಬಾಯಿ ತೀರಿಕೊಂಡ ಮೇಲೆ ಅಪ್ಪ ಒಂದು ಕಾಲಿಗೆ ಹಸಿರು, ಇನ್ನೊಂದಕ್ಕೆ ಕಂದು ಕಾಲುಚೀಲ ಹಾಕಿಕೊಂಡು ಹೊರಡುತ್ತಿದ್ದರು. ಅಂಗಿಗೂ ಪ್ಯಾಂಟಿಗೂ ಸಂಬಂಧವಿರುತ್ತಿರಲಿಲ್ಲ. ಇವರಿಗೆ ಅರಳುಮರಳು ಶುರುವಾಯಿತೇನೋ ಎಂದು ಹೆದರಿ, ನಮ್ಮ ಆಸ್ಪತ್ರೆಯ ಮೆದುಳಿನ ಡಾಕ್ಟರರ ಹತ್ತಿರ ಸಮಯ ಕೇಳಿದ್ದೆ. ಯುನೂಸ ತಮ್ಮ ಕಥೆ ಹೇಳಿದ ಸಂಜೆ ಮನೆಗೆ ಹೋದವಳೇ ಅವ್ವನ ಎರಡು ಖಣದ ಕುಪ್ಪಸ, ಒಂದು ಕೆಂಪು, ಒಂದು ಹಸಿರು, ತೆಗೆದು ಅಪ್ಪನ ಮುಂದಿಟ್ಟೆ.

“ಅಪ್ಪಾ, ಇದರಾಗ ಕೆಂಪು ಯಾವುದು?”

ಅವರು ಎರಡನ್ನೂ ಬಹಳ ಹೊತ್ತು ಸವರಿದರು.

“ನಿಮ್ಮವ್ವ ಏನರ ಹೇಳಿದ್ಲೇನು?”

“ಇಲ್ಲಪ್ಪಾ.”

“ಹಂಗಾರ ಆಕಿಗೆ ಕಡೀತನಕ ಗೊತ್ತಾಗಲಿಲ್ಲ. ನಾ ಹೇಳೇ ಇರಲಿಲ್ಲ. ಮಾಸ್ತರಗ ಬಣ್ಣ ತಿಳಿಯೂದಿಲ್ಲ ಅಂದ್ರ ನಾಚಿಕಿ ಅಲ್ಲೇನು?” ಎಂದು ನಕ್ಕರು.

ಅವತ್ತು ನಾನು ಏನೂ ಅನ್ನಲಿಲ್ಲ. ಅವ್ವನಿಗೆ ಗೊತ್ತಿರಲಿಲ್ಲವೇ, ಸಭಿಕರೇ? ದಿನಾ ಬೆಳಿಗ್ಗೆ ಅಂಗಿ, ಪ್ಯಾಂಟು, ಕಾಲುಚೀಲ ಜೋಡಿ ಮಾಡಿ ಕುರ್ಚಿಯ ಮೇಲೆ ಇಡುತ್ತಿದ್ದವಳು ಆಕೆ. ಟೊಮೆಟೊ ತರಲು ಕಳಿಸುವಾಗ “ಹಿಚುಕಿ ನೋಡಿ ತರ್ರಿ” ಎಂದು ಬಾಗಿಲ ತನಕ ಬಂದು ಹೇಳುತ್ತಿದ್ದವಳು ಆಕೆ. ಜ್ವರವಿದ್ದ ದಿನವೂ ಎದ್ದುಬಂದು ಆ ಕುರ್ಚಿ ನೋಡಿ ಮಲಗುತ್ತಿದ್ದವಳು ಆಕೆ.

ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂದುಬಿಟ್ಟಿದೆ, ಕ್ಷಮಿಸಿ. ಅಪ್ಪಾ, ಅವ್ವಗ ಗೊತ್ತಿತ್ತು. ಮೊದಲಿಂದನೂ ಗೊತ್ತಿತ್ತು.

ಯುನೂಸ, ವೇದಿಕೆಗೆ ಬರ್ರಿ. ಇಷ್ಟು ಹೊತ್ತು ಹಸಿವು ತಡೆದುಕೊಂಡು ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.