ಕಡೆದವರು: ಖಾಸಿಂ

ಇದು ನಮ್ಮ ಚಿಕ್ಕಮ್ಮನ ಮಗಳು ಲತಾಮಣಿಗೆ ಆದದ್ದು. ಎರಡು ಸಾವಿರದ ಐದನೇ ಇಸವಿ, ಆಗಸ್ಟ್ ತಿಂಗಳು, ಒಂದು ಬುಧವಾರ. ರಾತ್ರಿ ಕೊನೆಯ ಬಸ್ಸಿಳಿದು ದೊಡ್ಡಮಳೂರಿನ ಹಾಳು ಬಾವಿಯ ದಾರಿಯಲ್ಲಿ ಒಬ್ಬಳೇ ನಡೆದು ಬರುತ್ತಿದ್ದಳು. ಸಂಜೆಯವರೆಗೂ ಅದು ಎಲ್ಲ ದಿನದಂತೆಯೇ ಇದ್ದ ದಿನ.

ಚನ್ನಪಟ್ಟಣದಲ್ಲಿ ಗವಿಸಿದ್ದಯ್ಯನವರ ಗೊಂಬೆ ಕಾರ್ಖಾನೆ. ಅಲ್ಲಿನ ವೆಬ್‌ಸೈಟ್ ನೋಡಿಕೊಳ್ಳುವುದು ಅವಳ ಕೆಲಸ. ಸೈಟ್ ಕಟ್ಟಲು ಬಳಸಿದ್ದ ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟಿಗೆ ಹೊಸ ಆವೃತ್ತಿ ಬಂದಿತ್ತು. ಒಂದೊಂದು ಗೊಂಬೆಯ ಬಗ್ಗೆ ಏನೇನು ನೆನಪಿಡಬೇಕೆಂದು ಕಂಪ್ಯೂಟರಿಗೆ ಹೇಳುವ ಬರಹಕ್ಕೆ ಮಾಡೆಲ್ ಎನ್ನುತ್ತಾರೆ. ಮೊದಲು ಗೊಂಬೆಯ ಹೆಸರು, ಬಣ್ಣ, ಮರ, ಕಡೆದವರು ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಕೂರಿಸಿದರೆ ಸಾಕಿತ್ತು. ಈಗ ಪಟ್ಟಿ ಒಡೆದು, ಪ್ರತಿಯೊಂದಕ್ಕೂ ಅದರದೇ ಹೆಸರಿನ ಸಾಲು ಬರೆಯಬೇಕು. ಬರೆಯುವಾಗ ಲತಾಮಣಿಯಿಂದ ‘ಕಡೆದವರು’ ಎಂಬ ಸಾಲು ಬಿಟ್ಟುಹೋಯಿತು. ಒಳಗಿನ ದಾಖಲೆಯಲ್ಲಿ ಅದು ಹಾಗೇ ಇರುತ್ತದೆ. ಮಾಡೆಲ್ ಕರೆಯದಿದ್ದರೆ ಹೊರಗೆ ಬರುವುದಿಲ್ಲ, ಅಷ್ಟೇ.

ಆ ಸಾಲಿನಲ್ಲಿ ಬರುತ್ತಿದ್ದ ಹೆಸರು ಒಂದೇ. ಖಾಸಿಂ. ಮೂವತ್ತು ವರ್ಷ ಆ ಕಾರ್ಖಾನೆಯಲ್ಲಿ, ಮರ ತಿರುಗಿಸಿ ಗೊಂಬೆ ಕಡೆಯುವ ಲೇತಿನ ಮುಂದೆ ಕೂತವನು. ತೀರಿಕೊಂಡು ಎರಡು ತಿಂಗಳಾಗಿತ್ತು. ಅವನ ಹೆಂಡತಿ ತಾಹೇರಾ ವಾರಕ್ಕೊಮ್ಮೆ ಬಂದು, ಪರದೆಯ ಮೇಲೆ ಆ ಹೆಸರು ನೋಡಿಕೊಂಡು ಹೋಗುತ್ತಿದ್ದಳು. ಮನೆಯಲ್ಲಿ ಅವನ ಫೋಟೊ ಒಂದೂ ಇರಲಿಲ್ಲ.

ಆವತ್ತು ಸಂಜೆಯೂ ಬಂದಳು.

“ಎಲ್ಲವ್ವ, ನಮ್ಮನೆಯವ್ರು?”

ಲತಾಮಣಿಗೆ ತಪ್ಪು ಗೊತ್ತಾದದ್ದೇ ಆಗ. “ಈಗ್ಲೇ ಸರಿ ಮಾಡ್ತೀನಿ ಆಪಾ...”

“ಯಾಕ್ ಸರಿ ಮಾಡ್ತೀಯೆ?” ಗವಿಸಿದ್ದಯ್ಯ ಒಳಗಿನಿಂದ ಬಂದರು. “ಮುಂದಿನ ವಾರದಿಂದ ಆಟೋಮ್ಯಾಟಿಕ್ ಮಿಷನ್ ಕಡೀತದೆ. ಮಿಷನ್‌ಗೇನ್ ನಾಮಕರಣ ಮಾಡೀಯಾ? ನಾಳೆ ಬಂದೇಟ್ಗೆ ಆ ಹೆಸ್ರ ಒಳಗಿಂದ್ಲೂ ಅಳಿಸಾಕ್ಬುಡು.”

ತಾಹೇರಾ ಸೆರಗು ಎಳೆದುಕೊಂಡು ಹೊರಟುಹೋದಳು.

ರಾತ್ರಿ ಲತಾಮಣಿ ಆ ಹಾಳು ಬಾವಿಯ ಹತ್ತಿರ ಬಂದಾಗ... ಗುಂಯ್ ಎಂದು ಲೇತ್ ತಿರುಗುವ ಸದ್ದು. ಅದರ ಮೇಲೆ ಉಳಿ ತಾಗಿದ ಕಿರ್ರ್... ನಿಂತಿತು. ಮತ್ತೆ ಕಿರ್ರ್... ಸುತ್ತ ಹಿಪ್ಪುನೇರಳೆ ತೋಟ. ಅಲ್ಲಿ ಕರೆಂಟಿನ ಕಂಬವೂ ಇಲ್ಲ.

“ಅಮ್ಮಣ್ಣಿ...”

ಅವಳನ್ನು ಹಾಗೆ ಕರೆಯುತ್ತಿದ್ದವನು ಒಬ್ಬನೇ.

“ಖಾಸಿಂ ಭಾಯಿ?”

“ಒಳಗೇ ಇವ್ನಿ... ಯಾರೂ ಕರೀತಿಲ್ಲ.”

ಲತಾಮಣಿ ಓಡಿದಳು. ಮನೆ ಬಾಗಿಲು ತಟ್ಟಿದ್ದು ಅವಳಿಗೆ ನೆನಪಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೋದಳು. ಕೆಲಸ ಹೋದರೆ ಹೋಗಲಿ ಎಂದುಕೊಂಡೇ ‘ಕಡೆದವರು’ ಎಂಬ ಸಾಲು ಬರೆದಳು. ಖಾಸಿಂ, ಖಾಸಿಂ, ಖಾಸಿಂ... ಒಂದರ ಕೆಳಗೊಂದು ಬಂತು. ಕಟ್ಟಕಡೆಗೆ ಅವಳು ಯಾವತ್ತೂ ಸೇರಿಸದ ಒಂದು ದಾಖಲೆ. ಗಿಲಕಿ, ಹಸಿರು, ಕಡೆದವರು ಖಾಸಿಂ. ತಾರೀಖು ಹಿಂದಿನ ದಿನದ್ದು.

“ಯಾರ್ಲಾ ಈ ಕುಚೇಷ್ಟೆ ಮಾಡಿದ್ದು?” ಗವಿಸಿದ್ದಯ್ಯ ಆ ದಾಖಲೆ ನೋಡಿ ಕೆಲಸದವರ ಮೇಲೆ ಕೂಗಾಡಿದರು. ಕಪಾಟುಗಳನ್ನೆಲ್ಲ ಹುಡುಕಿಸಿದರು. ಕೊನೆಯ ಅರೆಯಲ್ಲಿ ಒಂದು ಹಸಿರು ಗಿಲಕಿ ಇತ್ತು. ಕೈಗೆತ್ತಿಕೊಂಡವರು ತಟ್ಟನೆ ಕೆಳಗಿಟ್ಟರು.

“ಆ ಸಾಲು ಇರ್ಲಿ ಬುಡವ್ವ,” ಎಂದರು, ಮೆಲ್ಲಗೆ.

ನೀವು ನಂಬಿ, ಬಿಡಿ. ಇದು ನಡೆದದ್ದು. ಗಿಲಕಿ ಈಗ ತಾಹೇರಾಳ ಮನೆಯಲ್ಲಿದೆ. ನಾನೇ ಹೋಗಿ ನೋಡಿ ಬಂದೆ.

ಮುಟ್ಟಿದರೆ ಇನ್ನೂ ಬೆಚ್ಚಗಿದೆ, ಈಗಷ್ಟೇ ಲೇತಿನಿಂದ ಇಳಿಸಿದ ಹಾಗೆ.