ಒಂದೇ ಲೋಟದಲ್ಲಿ ಕುಡಿದವರು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ನನ್ನ ಪ್ರಯೋಗಾಲಯದ ಸಹೋದ್ಯೋಗಿಗಳೇ, ಊಟ ಎಷ್ಟು ಹೊತ್ತಿಗೆ ಎಂದು ಆಗಲೇ ಲೆಕ್ಕ ಹಾಕುತ್ತಿರುವ ಸಭಿಕರೇ,

ನಿಂತಲ್ಲಿ ನಿಲ್ಲುವ ಜಾಯಮಾನ ನನ್ನದಲ್ಲ. ಈ ಮೈಕಿನ ಮುಂದೆ ಚಡಪಡಿಸಿದರೆ ಸಹಿಸಿಕೊಳ್ಳಿ. ನನ್ನ ನಿವೃತ್ತಿಯ ಮಾತಿಗೆ ಮೊದಲು ಒಂದು ತಿದ್ದುಪಡಿ. ನನ್ನ ಬೆನ್ನ ಹಿಂದಿನ ಬ್ಯಾನರಿನಲ್ಲಿ ‘ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕಾರಣ ಕಂಡುಹಿಡಿದ ಮೇಡಂ’ ಎಂದಿದೆ. ಇಲ್ಲ. ನಾವೂ, ಬೇರೆ ಎಷ್ಟೋ ಕಡೆಯವರೂ ಹುಡುಕುತ್ತಿರುವುದು ಒಂದು ನಂಟನ್ನು. ಗಂಟಲು ಕಟ್ಟಿಸಿ ಕುತ್ತಿಗೆ ಊದಿಸುವ ಜ್ವರದ ವೈರಸ್‌ಗೂ, ದೇಹವೇ ತನ್ನ ನರಗಳ ಹೊದಿಕೆಯನ್ನು ಹಾಳುಮಾಡುವ ಈ ಕಾಯಿಲೆಗೂ ಇರಬಹುದಾದ ನಂಟು. ಕಳ್ಳನನ್ನು ಅಟ್ಟಿಸಿಕೊಂಡು ಬಂದ ಕಾವಲುಗಾರ, ಮುಖ ಹೋಲುತ್ತದೆಂದು ಮನೆಯವನಿಗೇ ಬಾರಿಸಿದ ಹಾಗೆ.

ನಮ್ಮಲ್ಲಿ ಒಂದು ರೂಢಿಯಿದೆ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಸಿಗದಿದ್ದರೆ ನಾವೇ ತೋಳು ಚಾಚಿ ರಕ್ತ ಕೊಡುತ್ತೇವೆ. ಹಾಗಾಗಿ ವರ್ಷಗಟ್ಟಲೆ ನನ್ನ ರಕ್ತ ಆರೋಗ್ಯವಂತರ ಸಾಲಿನಲ್ಲಿ, ನನ್ನ ಅಕ್ಕನದು ರೋಗಿಗಳ ಸಾಲಿನಲ್ಲಿ. ಎರಡರಲ್ಲೂ ಅದೇ ವೈರಸ್‌ನ ಗುರುತು. ಇರದೆ ಏನು? ಹುಡುಗಿಯರಾಗಿದ್ದಾಗ ಒಂದೇ ಲೋಟದಲ್ಲಿ ನೀರು ಕುಡಿದು, ಒಟ್ಟಿಗೇ ಜ್ವರ ಬಂದು ಮಲಗಿದವರು ನಾವು. ಅಮ್ಮ ಒಂದು ಹಳೆಯ ಶಾಲು ಹರಿದು ಇಬ್ಬರ ಕುತ್ತಿಗೆಗೂ ಸುತ್ತಿದ್ದಳು. ನಾನು ಎದ್ದು ಓಡಾಡಿದೆ. ಅಕ್ಕನೂ ಓಡಾಡಿದಳು, ಮೂವತ್ತರವರೆಗೆ. ಆಮೇಲೆ ಒಂದು ಕಣ್ಣು ಮಂಜಾಯಿತು. ಆಮೇಲೆ ಕಾಲು ಮಾತು ಕೇಳಲಿಲ್ಲ. ಅವಳಿಗೇ ಏಕೆ? ನನಗೇಕಲ್ಲ? ಈ ಕೆಲಸದಲ್ಲಿ ಉಳಿದಿದ್ದೂ ಇದಕ್ಕೇ, ನೆಮ್ಮದಿ ಕೆಟ್ಟಿದ್ದೂ ಇದಕ್ಕೇ.

ಸಭಿಕರೇ, ನಿಮ್ಮಲ್ಲಿ ಹೆಚ್ಚುಕಡಿಮೆ ಎಲ್ಲರೊಳಗೂ ಈ ವೈರಸ್ ಇದೆ. ಗಾಬರಿ ಬೇಡ, ಬಾಗಿಲು ಆ ಕಡೆ ಇದೆ. ತಮಾಷೆಗೆ ಹೇಳಿದೆ. ಕಾಯಿಲೆ ಬರುವುದು ತೀರಾ ಕೆಲವರಿಗೆ. ಇದನ್ನು ನಿಮಗೆ ಹೇಳುವುದು ಸುಲಭ. ಹೋದ ವಾರ ಅಕ್ಕನ ಮೊಮ್ಮಗಳಿಗೆ ಅದೇ ಜ್ವರ ಬಂತು. ಆ ಹುಡುಗಿ ನಿದ್ದೆ ಹೋದ ಮೇಲೆ ಅಕ್ಕ ಕೇಳಿದಳು, “ಇವಳು ನಿನ್ನ ಹಾಗಾಗ್ತಾಳೋ, ನನ್ನ ಹಾಗಾಗ್ತಾಳೋ, ಹೇಳೇ.” ನಾನು ಅಂಕಿಅಂಶ ಬಿಚ್ಚಿದೆ. “ಅದನ್ನ ಊರಿಗೆಲ್ಲ ಹೇಳ್ಕೋ. ನಂಗೆ ಇವಳದ್ದು ಹೇಳು” ಅಂದಳು. ಕೆಲಸವಿದೆ ಅಂತ ಎದ್ದು ಬಂದೆ.

ಕೊನೆಯ ಸಾಲಿನಲ್ಲಿ, ಗಾಲಿಕುರ್ಚಿಯಲ್ಲಿ ಕೂತಿರುವವಳೇ ನನ್ನ ಅಕ್ಕ. ಅಕ್ಕಾ, ನಂಗೆ ಗೊತ್ತಿಲ್ಲ ಕಣೇ. ಇಡೀ ಆಯಸ್ಸು ಇದರಲ್ಲೇ ಕಳೆದ್ರೂ ಗೊತ್ತಿಲ್ಲ. ನಂಗೂ ನಿನ್ನಷ್ಟೇ ಭಯ.

ಅಧ್ಯಕ್ಷರೇ, ನೀವು ಕೊಟ್ಟ ಫಲಕ ಚೆನ್ನಾಗಿದೆ, ಎಲ್ಲರಿಗೂ ಧನ್ಯವಾದ. ಪ್ರಯೋಗಾಲಯದ ಕೀಲಿ ಮಾತ್ರ ಇವತ್ತು ಕೇಳಬೇಡಿ. ಮನೆಯಲ್ಲಿ ಉತ್ತರ ಬಾಕಿ ಇದೆ. ನಾಳೆ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಬಂದುಬಿಡುತ್ತೇನೆ.

ನಮಸ್ಕಾರ.